ಅರಳುಮರಳು: ವಂಶದ ಪಾಲೆಷ್ಟು, ಊರಿನ ಪಾಲೆಷ್ಟು?

2024ರಲ್ಲಿ ಎರಡು-ಮೂರು ತಿಂಗಳ ಅಂತರದಲ್ಲಿ ಬಂದ ಎರಡು ಸುದ್ದಿಗಳು ಇವತ್ತಿಗೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿರುಗುತ್ತಲೇ ಇವೆ. ಮೇ ತಿಂಗಳ ಸುದ್ದಿಯ ಪ್ರಕಾರ, ಎಪಿಒಇ4 ಎಂಬ ಜೀನ್‌ನ ಎರಡು ಪ್ರತಿ ಇರುವವರಿಗೆ ಅಲ್ಝೈಮರ್ ಕಾಯಿಲೆ ಹೆಚ್ಚುಕಡಿಮೆ ಹಣೆಬರಹ. ಜುಲೈ ಕೊನೆಯ ಸುದ್ದಿಯ ಪ್ರಕಾರ, ಡಿಮೆನ್ಷಿಯಾ (ನೆನಪು, ಗ್ರಹಿಕೆ ಕುಸಿಯುವ ಕಾಯಿಲೆ; ಅದರ ಮುಖ್ಯ ಬಗೆಯೇ ಅಲ್ಝೈಮರ್) ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು. ಇವುಗಳ ನಡುವೆ ಅವಳಿಗಳ ಅಧ್ಯಯನದ ಹಳೆಯ ಅಂಕಿಯೊಂದೂ ಓಡಾಡುತ್ತಿದೆ: ಅಲ್ಝೈಮರ್‌ನಲ್ಲಿ ವಂಶದ ಪಾತ್ರ ಶೇ 60ರಿಂದ 80. ಅಷ್ಟೆಲ್ಲ ವಂಶದ್ದಾದರೆ ತಡೆಯುವ 45 ಎಲ್ಲಿಂದ ಬಂತು? ಕೂಡಿಸಿದರೆ ನೂರು ದಾಟುತ್ತದಲ್ಲ?

ಪ್ರಶ್ನೆ ನ್ಯಾಯವಾದದ್ದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ಗೊಂದಲಕ್ಕೆ ಗಾದೆಯ ಒತ್ತಾಸೆಯೂ ಇದೆ. ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪತೊಡಗಿದರೆ, "ಮುತ್ಯಾಗ ಅರಳುಮರಳು ಆಗೇತಿ ಬಿಡ್ರಿ" ಎಂದು ಮಾತು ಮುಗಿಸುವುದು ರೂಢಿ. ಅರವತ್ತಕ್ಕೆ ಅರಳುಮರಳು ಎಂಬ ಮಾತು ಒಂದು ಕಾಯಿಲೆಯನ್ನು ವಯಸ್ಸಿನ ಸಹಜ ಗುಣವೆಂದು ನಮ್ಮನ್ನು ಒಪ್ಪಿಸಿಬಿಟ್ಟಿದೆ. ವಾಸ್ತವದಲ್ಲಿ ಅರವತ್ತು ದಾಟಿದ ಬಹುಪಾಲು ಜನರಿಗೆ ಡಿಮೆನ್ಷಿಯಾ ಇರುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಹೆಂಗಸರಲ್ಲಿ ಇದು ಶೇ 9, ಗಂಡಸರಲ್ಲಿ ಶೇ 5.8. ಹಳ್ಳಿಗಳಲ್ಲಿ ಶೇ 8.4, ನಗರಗಳಲ್ಲಿ ಶೇ 5.3.

ಕೊನೆಯ ಎರಡು ಅಂಕಿಗಳ ಅಂತರವನ್ನು ಗಮನಿಸಬೇಕು. ಹಳ್ಳಿಗೊಂದು ಜೀನ್, ಪೇಟೆಗೊಂದು ಜೀನ್ ಎಂದೇನೂ ಇಲ್ಲ.

ಜೀನ್ ಏನು ಮಾಡುತ್ತದೆ

ಅಲ್ಝೈಮರ್‌ಗೆ ಸಂಬಂಧಿಸಿದ ಜೀನ್‌ಗಳಲ್ಲಿ ಎರಡು ಬಗೆ. ಇವನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಮೊದಲನೆಯದು ಬಲು ಅಪರೂಪ. ಎಪಿಪಿ, ಪಿಎಸ್ಇಎನ್1, ಪಿಎಸ್ಇಎನ್2 ಎಂಬ ಮೂರು ಜೀನ್‌ಗಳಲ್ಲಿ ಯಾವುದಾದರೊಂದರಲ್ಲಿ ನಿರ್ದಿಷ್ಟ ದೋಷವಿದ್ದರೆ ಕಾಯಿಲೆ ಬಹುತೇಕ ಖಚಿತ. ಅದೂ ನಲವತ್ತು-ಐವತ್ತರ ಹರೆಯದಲ್ಲೇ. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಒಟ್ಟು ಅಲ್ಝೈಮರ್ ರೋಗಿಗಳಲ್ಲಿ ಇಂಥವರು ಶೇ 1ಕ್ಕಿಂತ ಕಡಿಮೆ. ಎಪ್ಪತ್ತೈದು ದಾಟಿದ ಮೇಲೆ ಅಜ್ಜಿಗೆ ಮರೆವು ಬಂದರೆ ಅದು ಈ ಬಗೆಯದಲ್ಲ ಎಂದೇ ತಿಳಿಯಬಹುದು.

ಎರಡನೆಯದು ಎಲ್ಲರಲ್ಲೂ ಇರುವ ಎಪಿಒಇ. 19ನೇ ವರ್ಣತಂತುವಿನ ಮೇಲಿರುವ ಈ ಜೀನ್‌ನ ಕೆಲಸ ರಕ್ತದಲ್ಲೂ ಮೆದುಳಿನಲ್ಲೂ ಕೊಬ್ಬು ಸಾಗಿಸುವ ಪ್ರೊಟೀನ್ ತಯಾರಿಸುವುದು. ಇದಕ್ಕೆ 2, 3, 4 ಎಂಬ ಮೂರು ರೂಪಗಳಿವೆ. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಹೆಚ್ಚಿನವರಲ್ಲಿ ಇರುವುದು 3. ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೊಟೀನ್ ಕಸವನ್ನು ತೆರವುಗೊಳಿಸುವಲ್ಲಿ 4ನೇ ರೂಪ ಹಿಂದೆ ಬೀಳುತ್ತದೆ. 1993ರಲ್ಲಿ ಈ ನಂಟು ಪತ್ತೆಯಾಯಿತು. ಯುರೋಪ್ ಮೂಲದವರಲ್ಲಿ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡು ಪ್ರತಿ ಇದ್ದರೆ ಎಂಟರಿಂದ ಹನ್ನೆರಡು ಪಟ್ಟು ಎಂಬ ಲೆಕ್ಕವಿದೆ.

2024ರ ಮೇ ತಿಂಗಳ ಅಧ್ಯಯನ ತೋರಿಸಿದ್ದೇನೆಂದರೆ, ಎರಡು ಪ್ರತಿ ಇರುವವರು 65 ವರ್ಷ ಮುಟ್ಟುವ ಹೊತ್ತಿಗೆ ಅವರ ಬೆನ್ನುಹುರಿ ದ್ರವದಲ್ಲಿ ಅಮಿಲಾಯ್ಡ್ ಬದಲಾವಣೆ ಬಹುತೇಕ ಎಲ್ಲರಲ್ಲೂ ಕಾಣುತ್ತದೆ. ಆದ್ದರಿಂದ ಇದನ್ನು ಬರೀ ಅಪಾಯ ಎನ್ನದೆ ವಂಶಪಾರಂಪರ್ಯ ಅಲ್ಝೈಮರ್‌ನ ಒಂದು ರೂಪ ಎಂದೇ ಕರೆಯಬೇಕು ಎಂಬುದು ಆ ಸಂಶೋಧಕರ ವಾದ. ಇದನ್ನು ಒಪ್ಪದವರು ಎರಡು ಆಕ್ಷೇಪ ಎತ್ತಿದರು. ಮೆದುಳಿನಲ್ಲಿ ಅಮಿಲಾಯ್ಡ್ ಇರುವುದು ಬೇರೆ, ಮರೆವು ಬರುವುದು ಬೇರೆ. ಎರಡು ಪ್ರತಿ ಇದ್ದೂ ಎಂಬತ್ತರವರೆಗೆ ಚುರುಕಾಗಿ ಇರುವವರಿದ್ದಾರೆ. ಇನ್ನೊಂದು, ಆ ಅಧ್ಯಯನದಲ್ಲಿದ್ದವರು ಹೆಚ್ಚಾಗಿ ಯುರೋಪ್ ಮೂಲದವರು. ಅದೇ 4ನೇ ರೂಪದ ಪ್ರಭಾವ ಆಫ್ರಿಕಾ ಮೂಲದವರಲ್ಲಿ ಕಡಿಮೆ, ಜಪಾನೀಯರಲ್ಲಿ ಹೆಚ್ಚು ಎಂಬುದು ಮೊದಲೇ ಗೊತ್ತಿತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಮೆರಿಕದ ಸಹಯೋಗದೊಡನೆ ನಡೆದ ಅಧ್ಯಯನದಲ್ಲಿ, ಪೆನ್ಸಿಲ್ವೇನಿಯಾದ ಹಿರಿಯರಿಗಿಂತ ಅಲ್ಲಿನವರಲ್ಲಿ 4ನೇ ರೂಪವೂ ಕಡಿಮೆ, ಅಲ್ಝೈಮರ್ ಕೂಡ ಕಡಿಮೆ ಕಂಡುಬಂದಿತ್ತು.

ಅಪರೂಪದ, "ಖಚಿತ" ಎನ್ನುವ ಜೀನ್ ಕೂಡ ಕೆಲವೊಮ್ಮೆ ಸೋಲುತ್ತದೆ. ಕೊಲಂಬಿಯಾದ ಒಂದು ದೊಡ್ಡ ವಂಶದಲ್ಲಿ ಪಿಎಸ್ಇಎನ್1 ದೋಷದಿಂದ ನಲವತ್ತರ ಆಸುಪಾಸಿನಲ್ಲೇ ಮರೆವು ಶುರುವಾಗುತ್ತದೆ. ಅದೇ ದೋಷವಿದ್ದ ಒಬ್ಬ ಮಹಿಳೆಗೆ ಎಪ್ಪತ್ತರವರೆಗೂ ಏನೂ ಆಗಿರಲಿಲ್ಲ. ಎಪಿಒಇ ಜೀನ್‌ನ ಇನ್ನೊಂದು ವಿರಳ ಬದಲಾವಣೆ ಆಕೆಯನ್ನು ಕಾಪಾಡಿರಬೇಕು ಎಂದು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಕೂಡಿಸಿದರೆ ನೂರು ದಾಟುವುದೇಕೆ

ಇದನ್ನು ಹಿಂಗಾರಿ ಜೋಳದ ಹೊಲದಲ್ಲಿ ನಿಂತು ನೋಡಿದರೆ ಬೇಗ ತಿಳಿಯುತ್ತದೆ. ವಿಜಯಪುರದ ಎರೆ ಭೂಮಿಯ ಒಂದೇ ಊರು ಎಂದುಕೊಳ್ಳಿ. ಎಲ್ಲರ ಹೊಲಕ್ಕೂ ಒಂದೇ ಮಳೆ, ಒಂದೇ ಹಸಿ. ಒಬ್ಬರು ಮಾಲದಂಡಿ ಬಿತ್ತಿದ್ದಾರೆ, ಇನ್ನೊಬ್ಬರು ಬೇರೆ ಬೀಜ. ಸುಗ್ಗಿಯಲ್ಲಿ ಇಳುವರಿ ಹೆಚ್ಚುಕಡಿಮೆ ಬಂದರೆ ಆ ವ್ಯತ್ಯಾಸವೆಲ್ಲ ಬೀಜದ್ದು, ಲೆಕ್ಕದಲ್ಲಿ ಶೇ 100. ಹಾಗೆಂದು ಮಳೆಯ ಪಾತ್ರ ಸೊನ್ನೆ ಎನ್ನುತ್ತೇವೆಯೆ? ಮಳೆ ಎಲ್ಲರಿಗೂ ಸಮ ಇದ್ದದ್ದರಿಂದ ಅದು ಲೆಕ್ಕದಲ್ಲಿ ಕಾಣಲಿಲ್ಲ, ಅಷ್ಟೇ. ಮರುವರ್ಷ ಮಳೆ ಕೈಕೊಟ್ಟರೆ ಮಾಲದಂಡಿಯೂ ಒಣಗುತ್ತದೆ, ಇನ್ನೊಂದೂ ಒಣಗುತ್ತದೆ.

ಅವಳಿಗಳ ಅಧ್ಯಯನದ "ಶೇ 60ರಿಂದ 80" ಇಂಥ ಅಂಕಿ. ಸ್ವೀಡನ್‌ನಂಥ ದೇಶದಲ್ಲಿ ಬಹುತೇಕ ಎಲ್ಲರೂ ಶಾಲೆ ಕಂಡವರು, ಬಿ.ಪಿ.ಗೆ ಮಾತ್ರೆ ಸಿಕ್ಕವರು. ಅಲ್ಲಿ ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್ ದೊಡ್ಡದಾಗಿ ಕಾಣುವುದು ಸಹಜ. ಒಬ್ಬ ಅಜ್ಜಿ ಅಕ್ಷರವನ್ನೇ ಕಾಣದೆ, ಇನ್ನೊಬ್ಬರು ಪದವಿ ಮುಗಿಸಿರುವ ನಾಡಿನಲ್ಲಿ ಅದೇ ಅಂಕಿ ಹೊಂದುತ್ತದೆ ಎನ್ನಲಾಗದು.

ಶೇ 45 ಇನ್ನೊಂದು ಬಗೆಯ ಅಂಕಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2017ರಲ್ಲಿ 9 ಕಾರಣ ಗುರುತಿಸಿ ಶೇ 35 ಎಂದಿತು. 2020ರಲ್ಲಿ 12 ಕಾರಣ, ಶೇ 40. 2024ರಲ್ಲಿ ಕೆಟ್ಟ ಕೊಲೆಸ್ಟರಾಲ್ ಮತ್ತು ಚಿಕಿತ್ಸೆ ಸಿಗದ ದೃಷ್ಟಿದೋಷ ಸೇರಿ 14 ಕಾರಣ, ಶೇ 45. ಈ ಹದಿನಾಲ್ಕನ್ನೂ ಇಡೀ ಸಮಾಜದಿಂದ ಪೂರ್ತಿ ತೆಗೆದುಹಾಕಿದರೆ ನೂರು ಪ್ರಕರಣಗಳಲ್ಲಿ 45 ಬಾರದೇ ಹೋಗಬಹುದು ಅಥವಾ ತಡವಾಗಬಹುದು ಎಂಬುದು ಇದರ ಅರ್ಥ. ಆ 45 ಜನ ಯಾರು ಎಂದು ಯಾರೂ ಬೆರಳು ಮಾಡಿ ತೋರಿಸಲಾರರು. "ನೀನು ವಾಕಿಂಗ್ ಮಾಡಿದರೆ ನಿನ್ನ ಅಪಾಯ ಶೇ 45 ಇಳಿಯುತ್ತದೆ" ಎಂದು ಓದುವುದು ತಪ್ಪು. ಒಂದೇ ಕಾಯಿಲೆಗೆ ಬೀಜವೂ ಮಳೆಯೂ ಕೂಡಿಯೇ ಕಾರಣವಾಗುವುದರಿಂದ ಎರಡೂ ಅಂಕಿಗಳನ್ನು ಕೂಡಿಸಿ ನೂರಕ್ಕೆ ತಾಳೆ ನೋಡುವುದಕ್ಕೂ ಅರ್ಥವಿಲ್ಲ.

ಬನಹಟ್ಟಿಯ ಮಗ್ಗ, ನಲವತ್ತು ವರ್ಷದ ಸದ್ದು

2024ರ ಪಟ್ಟಿಯಲ್ಲಿ ಅತಿ ಹೆಚ್ಚಿನ ಪಾಲು, ತಲಾ ಶೇ 7, ಕೊಲೆಸ್ಟರಾಲ್‌ಗೆ ಮತ್ತು ಕಿವುಡುತನಕ್ಕೆ. ಕಿವಿಯ ಸಂಗತಿ ನಮ್ಮ ಜಿಲ್ಲೆಗಳಿಗೆ ಬಹಳ ಹತ್ತಿರದ್ದು.

ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರದ ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ನಿಂತರೆ ಲಾಳಿ ಅತ್ತಿಂದಿತ್ತ ಬಡಿಯುವ ಸದ್ದಿಗೆ ಪಕ್ಕದವರ ಮಾತು ಕೇಳದು. ಒಳಗಿರುವವರು ತುಟಿ ನೋಡಿ, ಕೈಸನ್ನೆ ಮಾಡಿ ಕೆಲಸ ಸಾಗಿಸುತ್ತಾರೆ. ಇಂಥ ಶೆಡ್ಡುಗಳ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಮೂವತ್ತು-ನಲವತ್ತು ವರ್ಷ ದಿನಕ್ಕೆ ಎಂಟು-ಹತ್ತು ತಾಸು ಇದರಲ್ಲೇ ಕಳೆದರೆ ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು: ಮೊಮ್ಮಕ್ಕಳ ದನಿ, ಸ, ಶ, ಚ ಅಕ್ಷರಗಳ ಅಂಚು.

ಕಿವಿಯಿಂದ ಮೆದುಳಿಗೆ ಹಾನಿ ತಲುಪುವುದು ಹೇಗೆ? ಅರೆಬರೆ ಕೇಳಿದ್ದನ್ನು ಪೂರ್ತಿ ಮಾಡಿಕೊಳ್ಳಲು ಮೆದುಳು ತನ್ನ ಶಕ್ತಿ ಸುರಿಯುತ್ತದೆ, ನೆನಪಿಟ್ಟುಕೊಳ್ಳಲು ಉಳಿಯುವುದು ಕಡಿಮೆ. ಶಬ್ದ ಬಾರದ ಭಾಗಗಳು ಕುಗ್ಗುತ್ತವೆ. ಇದಕ್ಕಿಂತ ಮುಖ್ಯವಾದದ್ದು ಕಟ್ಟೆಯ ಮೇಲೆ ನಡೆಯುತ್ತದೆ. ಮಾತು ಕೇಳದವರು ಹರಟೆಗೆ ಬರುವುದನ್ನು ಬಿಡುತ್ತಾರೆ. ಒಂಟಿತನವೇ ಆ ಪಟ್ಟಿಯಲ್ಲಿ ಶೇ 5ರ ಇನ್ನೊಂದು ಕಾರಣ. ಒಂದು ಕಾರಣ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಶ್ರವಣ ಸಾಧನ ಹಾಕಿದರೆ ಇದು ತಪ್ಪುತ್ತದೆಯೆ? ಅಮೆರಿಕದಲ್ಲಿ 977 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಹೃದ್ರೋಗದ ಅಪಾಯ ಮುಂತಾದವು ಹೆಚ್ಚಿದ್ದ ಗುಂಪಿನಲ್ಲಿ ನೆನಪು-ಗ್ರಹಿಕೆ ಕುಸಿಯುವ ವೇಗ ಶೇ 48ರಷ್ಟು ತಗ್ಗಿತು. ಅಂದರೆ ಈಗಾಗಲೇ ಅಪಾಯದಲ್ಲಿ ಇರುವವರಿಗೆ ಉಪಯೋಗ ಹೆಚ್ಚು. ಶ್ರವಣ ಸಾಧನ ಬಡ ಹಿರಿಯರಿಗೆ ಉಚಿತವಾಗಿ ಸಿಗಲೆಂದು 2017ರಿಂದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಆದರೆ ನೇಕಾರರ ಕಿವಿ ಪರೀಕ್ಷೆ ನಡೆಯಬೇಕಾದದ್ದು ಎಪ್ಪತ್ತರಲ್ಲಲ್ಲ, ಮೂವತ್ತೈದರಲ್ಲಿ. ಮನೆಯ ಪಡಸಾಲೆಗೆ ಅಂಟಿಕೊಂಡ ನಾಲ್ಕು ಮಗ್ಗದ ಘಟಕ ಕಾರ್ಖಾನೆ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ.

ಒಲೆ, ತಂಬಾಕು, ದ್ರಾಕ್ಷಿ

ವಾಯುಮಾಲಿನ್ಯದ ಪಾಲು ಶೇ 3. ಇದು ದೆಹಲಿಯ ಹೊಗೆಮಂಜಿನ ಮಾತು ಎಂದುಕೊಳ್ಳಬಾರದು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ರೊಟ್ಟಿ ಬಡಿಯುವ ಒಲೆಯ ಮುಂದಿನ ಗಾಳಿಯಲ್ಲೂ ಅದೇ ಸಣ್ಣ ಕಣಗಳಿರುತ್ತವೆ. ಅವು ಶ್ವಾಸಕೋಶ ದಾಟಿ ರಕ್ತಕ್ಕಿಳಿದು ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸುತ್ತವೆ. ಸೌದೆ ಒಲೆಯ ಮನೆಗಳ ಹಿರಿಯರು, ಅದರಲ್ಲೂ ಹೆಂಗಸರು, ನೆನಪಿನ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆಯುತ್ತಾರೆ ಎಂದು ಭಾರತದ ಸಮೀಕ್ಷೆಗಳು ತೋರಿಸಿವೆ. ತಂಬಾಕಿಗೆ ಹೆಚ್ಚು ವಿವರಣೆ ಬೇಡ, ನಿಪ್ಪಾಣಿ ಸೀಮೆಗೆ ಅದು ಬೆಳೆಯೂ ಹೌದು, ಚಟವೂ ಹೌದು.

ಪಟ್ಟಿಯಲ್ಲಿಲ್ಲದ ಒಂದು ಸಂಗತಿ ವಿಜಯಪುರಕ್ಕೆ ಸಂಬಂಧಿಸಿದ್ದು. ಫ್ರಾನ್ಸಿನ ಬೋರ್ಡೋ ಭಾಗದ ದ್ರಾಕ್ಷಿ ತೋಟದ ಕಾರ್ಮಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಕೀಟನಾಶಕಕ್ಕೆ ಹೆಚ್ಚು ಒಡ್ಡಿಕೊಂಡವರ ಗ್ರಹಿಕೆಯ ಅಂಕಗಳು ಇತರರಿಗಿಂತ ಕುಸಿದಿದ್ದವು. ಅಲ್ಲಿಯ ಔಷಧಿ, ಹವೆ, ಪದ್ಧತಿ ಬೇರೆ; ಅದನ್ನು ಹಾಗೆಯೇ ತಂದು ಇಲ್ಲಿ ಅಂಟಿಸಲಾಗದು. ಆದರೆ ಬರಿಗೈಯಲ್ಲಿ ಔಷಧಿ ಕಲಸಿ, ಮೂಗಿಗೊಂದು ಟವೆಲ್ ಸುತ್ತಿಕೊಂಡು ದ್ರಾಕ್ಷಿ ಪಡಕಿಗೆ ಹೊಡೆಯುವ ಕೂಲಿಯವರ ಬಗ್ಗೆ ಇಂಥದೇ ದೀರ್ಘ ಅಧ್ಯಯನ ಇಲ್ಲಿ ಬೇಕು ಎನ್ನಲು ಅಷ್ಟು ಸಾಕು.

ಶಾಲೆ ಬಿಡಿಸಿದ ಹುಡುಗಿ, ಎರಡು ಭಾಷೆಯ ಊರು

ಓದಿನ ಕೊರತೆಯ ಪಾಲು ಶೇ 5. ಓದು ಮೆದುಳಿನಲ್ಲಿ ಒಂದು ಬಗೆಯ ಉಳಿತಾಯ ಕಟ್ಟುತ್ತದೆ: ಮುಂದೆ ಹಾನಿಯಾದಾಗ ಬದಲಿ ದಾರಿಗಳು ಇರುತ್ತವೆ, ಲಕ್ಷಣ ತಡವಾಗಿ ಹೊರಬೀಳುತ್ತದೆ. ಇಂದು ಎಪ್ಪತ್ತೈದರ ಅಜ್ಜಿ 1950ರ ದಶಕದಲ್ಲಿ ಶಾಲೆಯ ವಯಸ್ಸಿನವಳು. ತಮ್ಮನನ್ನು ಆಡಿಸಲು, ಕುರುಪಿ ಹಿಡಿಯಲು ಆಕೆಯನ್ನು ಮನೆಯಲ್ಲಿ ಉಳಿಸಿಕೊಂಡರು. ಹೆಂಗಸರ ಶೇ 9 ಮತ್ತು ಗಂಡಸರ ಶೇ 5.8ರ ನಡುವಿನ ಅಂತರದಲ್ಲಿ ಆ ನಿರ್ಧಾರದ ಪಾಲೂ ಇದೆ.

ಇಲ್ಲೊಂದು ಎಚ್ಚರ ಬೇಕು. ಅಂತರದ ಸ್ವಲ್ಪ ಭಾಗ ಪರೀಕ್ಷೆಯ ದೋಷವೂ ಆಗಿರಬಹುದು. "ಇವತ್ತು ಯಾವ ತಾರೀಖು?" ಎಂದು ಕೇಳಿದರೆ ಆ ಅಜ್ಜಿ ಸುಮ್ಮನಿರಬಹುದು. ಶೀಗಿ ಹುಣ್ಣಿಮೆಗೆ ಎಷ್ಟು ದಿನ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಯಾರ ಹೊಲಕ್ಕೆ ಹೋಗಬೇಕು ಎಂದು ಕೇಳಿದರೆ ತಟ್ಟನೆ ಹೇಳಬಹುದು. ಅಕ್ಷರ ಬಾರದವರಿಗೆಂದೇ ಪ್ರಶ್ನೆ ಬದಲಿಸಿದ ಪರೀಕ್ಷೆಯನ್ನು ಬಲ್ಲಭಗಢದ ಅಧ್ಯಯನಕ್ಕೆ ರೂಪಿಸಿದ್ದು ಇದೇ ಕಾರಣಕ್ಕೆ.

ಉಳಿತಾಯ ಶಾಲೆಯಿಂದ ಮಾತ್ರ ಬರುವುದಿಲ್ಲ ಎಂಬ ವಾದಕ್ಕೆ ಬೆಳಗಾವಿ ಒಳ್ಳೆಯ ಉದಾಹರಣೆಯಾಗಬಲ್ಲದು. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲೂ ಈ ಅಂತರ ಇತ್ತು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು ಎಂದು ಕನ್ನಡ-ಮರಾಠಿಯ ನಡುವೆ ದಿನವಿಡೀ ಓಡಾಡುವ ಬೆಳಗಾವಿ, ಚಿಕ್ಕೋಡಿ, ಅಥಣಿಯ ಹಿರಿಯರಿಗೂ ಇದು ಅನ್ವಯಿಸಬಹುದು. ಆದರೆ ಕಾಯಿಲೆ ಇಲ್ಲದವರನ್ನು ಮೊದಲಿನಿಂದ ಹಿಂಬಾಲಿಸಿದ ಕೆಲವು ಹೊರದೇಶದ ಅಧ್ಯಯನಗಳಲ್ಲಿ ಈ ಲಾಭ ಸಿಕ್ಕಿಲ್ಲ. ಚರ್ಚೆ ಮುಗಿದಿಲ್ಲ.

ಒಪ್ಪದವರ ಮಾತು

ಹದಿನಾಲ್ಕರ ಪಟ್ಟಿಗೆ ಬಂದ ಮುಖ್ಯ ಟೀಕೆ: ಜೊತೆಗಿದ್ದ ಮಾತ್ರಕ್ಕೆ ಕಾರಣ ಎನ್ನಬಹುದೆ? ಖಿನ್ನತೆ, ಒಂಟಿತನ ಇವು ಮರೆವಿಗೆ ಕಾರಣವೋ, ಇಪ್ಪತ್ತು ವರ್ಷ ಮೊದಲೇ ಒಳಗೆ ಶುರುವಾದ ಕಾಯಿಲೆಯ ಮೊದಲ ಸುಳಿವೋ? ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಷಿಯಾ ಸುಮಾರು ಶೇ 30 ಕಡಿಮೆ ಎಂದು ಅಮೆರಿಕದ ಅಧ್ಯಯನವೊಂದು ಹೇಳಿತು. ಆಪರೇಷನ್‌ಗೆ ಹೋಗುವವರೇ ಮೊದಲಿನಿಂದ ಗಟ್ಟಿಮುಟ್ಟಾಗಿ ಇರುವವರು ಎಂಬ ಸಂಶಯ ಸಹಜ. ಅದಕ್ಕಾಗಿಯೇ ಆ ಸಂಶೋಧಕರು ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಆಪರೇಷನ್ ಆದವರನ್ನೂ ನೋಡಿದರು. ಅವರಲ್ಲಿ ಇಂಥ ಲಾಭ ಕಾಣಲಿಲ್ಲ. ಅದರಿಂದ ದೃಷ್ಟಿ ಮರಳುವುದೂ ಇಲ್ಲ. ಹೀಗಾಗಿ ಪೊರೆಯ ವಾದಕ್ಕೆ ಬಲ ಬಂತು.

ಇನ್ನೊಂದು ಟೀಕೆ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಈ ಕಾರಣಗಳನ್ನೆಲ್ಲ "ಜೀವನಶೈಲಿ" ಎಂಬ ಒಂದೇ ಚೀಲಕ್ಕೆ ತುಂಬಿದರೆ ದೋಷ ರೋಗಿಯ ತಲೆಗೆ ಕಟ್ಟಿದಂತಾಗುತ್ತದೆ. ಎಂಟನೇ ವಯಸ್ಸಿನಲ್ಲಿ ಶಾಲೆ ಬಿಡಿಸಿದ್ದು ಆಕೆಯ ಶೈಲಿಯಲ್ಲ. ಮಗ್ಗದ ಸದ್ದನ್ನು ನೇಕಾರರು ಆರಿಸಿಕೊಂಡದ್ದಲ್ಲ. ಸಿಲಿಂಡರ್ ತುಂಬಿಸಲು ದುಡ್ಡಿಲ್ಲದೆ ಒಲೆ ಹಚ್ಚುವುದು ಅಭ್ಯಾಸದ ಮಾತಲ್ಲ. ಪಟ್ಟಿಯ ದೊಡ್ಡ ಭಾಗ ಸರ್ಕಾರ, ಪಂಚಾಯಿತಿ, ಮಾಲೀಕರ ಕೈಯಲ್ಲಿದೆ. ಆಯೋಗದ ವರದಿಯೂ ಇದನ್ನು ಹೇಳಿದೆ, ಫಾರ್ವರ್ಡ್ ಆಗುವ ಸುದ್ದಿಯಲ್ಲಿ ಆ ಸಾಲು ಉದುರಿಹೋಗುತ್ತದೆ.

ಜೀನ್ ಪರೀಕ್ಷೆ ಮಾಡಿಸಬೇಕೆ

ಅಂತರ್ಜಾಲದಲ್ಲಿ ಎಂಜಲಿನ ಮಾದರಿ ಕಳಿಸಿದರೆ ಎಪಿಒಇ ವರದಿ ಬರುತ್ತದೆ. ಲಕ್ಷಣವಿಲ್ಲದವರಿಗೆ ಇದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. 4 ಇಲ್ಲ ಎಂದು ಬಂದರೆ ಬಿ.ಪಿ. ಮಾತ್ರೆ ಬಿಡುವ ಧೈರ್ಯ, ಇದೆ ಎಂದು ಬಂದರೆ ವರ್ಷಗಟ್ಟಲೆ ಭಯ. "ಆ ಮನಿತನದಾಗ ಐತಿ" ಎಂಬ ಮಾತು ಹೆಣ್ಣು-ಗಂಡು ನೋಡುವಾಗ ಎಷ್ಟು ದೂರ ಹೋಗುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ವಿಮೆಯ ಪ್ರಶ್ನೆಯೂ ಇದೆ. ವಂಶವಾಹಿ ಕಾಯಿಲೆ ಎಂಬ ಒಂದೇ ನೆಪದಲ್ಲಿ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ, ಆದರೆ ಅಮೆರಿಕದಲ್ಲಿರುವಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಪರೀಕ್ಷೆ ನಿಜಕ್ಕೂ ಬೇಕಾಗುವುದು ಒಂದು ಕಡೆ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಔಷಧಿಗಳು ಆರಂಭದ ಹಂತದಲ್ಲಿ ಕುಸಿತವನ್ನು ಸ್ವಲ್ಪ ನಿಧಾನಗೊಳಿಸುತ್ತವೆ. ಲೆಕಾನೆಮ್ಯಾಬ್‌ನ ಪ್ರಯೋಗದಲ್ಲಿ 18 ತಿಂಗಳಲ್ಲಿ ಇದು ಶೇ 27. ಆದರೆ 4ರ ಎರಡು ಪ್ರತಿ ಇರುವವರಿಗೆ ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯ ಹೆಚ್ಚು. ಆ ಔಷಧಿ ಕೊಡುವ ಮೊದಲು ಜೀನ್ ನೋಡಬೇಕಾಗುತ್ತದೆ. ಐವತ್ತಕ್ಕೆ ಮೊದಲೇ ಮನೆಯಲ್ಲಿ ಇಬ್ಬರು-ಮೂವರಿಗೆ ಮರೆವು ಬಂದಿದ್ದರೂ ನರರೋಗ ತಜ್ಞರ ಸಲಹೆಯ ಮೇಲೆ ಪರೀಕ್ಷೆಗೆ ಅರ್ಥವಿದೆ.

ಜೀನ್ ಕೆಟ್ಟದ್ದಾಗಿದ್ದರೆ ಉಳಿದ ಪ್ರಯತ್ನ ವ್ಯರ್ಥವೆ? 2025ರಲ್ಲಿ ಪ್ರಕಟವಾದ, 2,111 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದ ಎರಡು ವರ್ಷದ ಪ್ರಯೋಗದಲ್ಲಿ ವ್ಯಾಯಾಮ, ಆಹಾರ, ಬಿ.ಪಿ. ನಿಗಾ, ಜನರ ಒಡನಾಟ ಸೇರಿದ ಕಾರ್ಯಕ್ರಮದಿಂದ ಆದ ಲಾಭ 4ನೇ ರೂಪ ಇದ್ದವರಿಗೂ ಇಲ್ಲದವರಿಗೂ ಒಂದೇ ತೆರನಾಗಿತ್ತು.

ಹಳ್ಳಿಯಲ್ಲಿ ಯಾವುದು ನಡೆಯುತ್ತದೆ

ನಮ್ಮ ಊರುಗಳಿಗೆ ಅತಿ ಹತ್ತಿರದ ಸಾಕ್ಷ್ಯ ಚೀನಾದ ಹಳ್ಳಿಗಳಿಂದ ಬಂದಿದೆ. 326 ಹಳ್ಳಿಗಳ, ಬಿ.ಪಿ. ಹೆಚ್ಚಿದ್ದ ಸುಮಾರು 34,000 ಜನರಲ್ಲಿ ಅರ್ಧದಷ್ಟು ಹಳ್ಳಿಗಳವರಿಗೆ ಅಲ್ಲಿನ ಗ್ರಾಮ ಆರೋಗ್ಯ ಕಾರ್ಯಕರ್ತರೇ ಬಿ.ಪಿ. ನೋಡಿ, ಅಗ್ಗದ ಮಾತ್ರೆ ಕೊಟ್ಟು, ಮನೆಯಲ್ಲಿ ಅಳೆದುಕೊಳ್ಳಲು ಕಲಿಸಿದರು. ನಾಲ್ಕು ವರ್ಷದಲ್ಲಿ ಅಂಥ ಹಳ್ಳಿಗಳಲ್ಲಿ ಡಿಮೆನ್ಷಿಯಾ ಶೇ 15 ಕಡಿಮೆಯಾಯಿತು. 2025ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ದೊಡ್ಡ ಯಂತ್ರ ಬೇಕಾಗಲಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಿಗೆ ಬಂದು ಬಿ.ಪಿ., ಶುಗರ್ ನೋಡುವ ವ್ಯವಸ್ಥೆ ಇದೆ. ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುವ ಆ ಎರಡು ನಿಮಿಷವನ್ನು ಹೃದಯದ ಲೆಕ್ಕಕ್ಕೆ ಮಾತ್ರ ಹಾಕದೆ ಮೆದುಳಿನ ಲೆಕ್ಕಕ್ಕೂ ಹಾಕಬೇಕು. ತೊಂದರೆ ಇರುವುದು ಮುಂದಿನ ಹಂತದಲ್ಲಿ: ತಲೆ ತಿರುಗುವುದು ನಿಂತಿತೆಂದು ಮಾತ್ರೆ ಬಿಡುವವರು ಬಹಳ, ಮತ್ತು ಬಿಟ್ಟವರ ಮನೆಗೆ ಮರಳಿ ಹೋಗುವ ಕೈಗಳು ಕಡಿಮೆ.

ಈಗಾಗಲೇ ಮರೆವು ಶುರುವಾಗಿದ್ದರೆ ಮೊದಲ ಕೆಲಸ ಅದು ಡಿಮೆನ್ಷಿಯಾ ಹೌದೋ ಅಲ್ಲವೋ ಎಂದು ತಿಳಿಯುವುದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ರೆ ಮಾತ್ರೆಗಳು ಇದೇ ಚಿತ್ರ ತೋರಿಸುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮಾಂಸದಿಂದ. ಸಸ್ಯಾಹಾರಿ ಮನೆಗಳಲ್ಲಿ ಹಾಲು-ಮೊಸರು ಮೊದಲು ಮಕ್ಕಳಿಗೆ, ಆಮೇಲೆ ಉಳಿದರೆ ಹಿರಿಯರಿಗೆ ಎಂಬ ಕ್ರಮವಿರುವಲ್ಲಿ ಈ ಕೊರತೆ ಹೆಚ್ಚು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥವರನ್ನು ನೋಡುವ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಅಲ್ಲಿಗೆ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಲವನ್ನೂ ಒಯ್ಯಬೇಕು. ಯಾವಾಗ, ಯಾವ ಕೆಲಸದಲ್ಲಿ ಮೊದಲು ತಪ್ಪು ಕಂಡಿತು ಎಂದು ಬಲ್ಲ ಮನೆಯವರೊಬ್ಬರು ಜೊತೆಗಿರಬೇಕು.

ಜೀನ್‌ನ ಬಗ್ಗೆ ನಮ್ಮದೇ ಉತ್ತರ ಬರಬೇಕಾದದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಅಲ್ಲಿನ 10,000 ಗ್ರಾಮಸ್ಥರನ್ನು ದೀರ್ಘಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಅವರ ಜೀನ್, ರಕ್ತ, ಕಿವಿ, ಕಣ್ಣು, ನೆನಪು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ರಾಗಿಯ ಸೀಮೆಯ ಆ ಫಲಿತಾಂಶ ಜೋಳದ ಸೀಮೆಗೆ, ಮಗ್ಗದ ಊರಿಗೆ ಎಷ್ಟು ಹೊಂದುತ್ತದೆ ಎಂದು ತಿಳಿಯಬೇಕಾದರೆ ಕೃಷ್ಣಾ ತೀರದ ಹಳ್ಳಿಗಳಲ್ಲೂ ಇಂಥದೊಂದು ಎಣಿಕೆ ಆರಂಭವಾಗಬೇಕು.